ಬಾಗಿಲ ಸಂತ

ಗಾಸ್ಪೆಯ ಕಡಲದಂಡೆ. ಮೀನು ನಾರುವ ಇಗರ್ಜಿ.
ಬಾಗಿಲ ಸಂದಿಯಲ್ಲಿ ಗಾರೆಯ ಸಂತ.
ಬದುಕಿಡೀ ಮಠದ ಕದ ತೆಗೆದವನಂತೆ, ಅಷ್ಟೆ.
ಮೂಗು ಮುಕ್ಕು. ಗಾಳಿಗೆ ಕದ ಬಂದು ಬಡಿಯುತ್ತದೆ.

ಈ ಸಲದ ಹಬ್ಬಕ್ಕೆ ಪಾದ್ರಿ ಅನ್ಸೆಲ್ಮ್
"ಮೇಲೆ ಬಾರಪ್ಪ" ಎಂದು ಪೀಠದ ಬಳಿ ಕೂಡಿಸಿದರು:
ಹೊಸ ಮೂಗು, ಬಂಗಾರದ ಬಣ್ಣ, ಹನ್ನೆರಡು ಮೇಣದಬತ್ತಿ.

ಪ್ರಸಂಗದ ನಡುವೆ ಧಡಾರನೆ ಕದ ಮುಚ್ಚಿ
ಚಿಲಕ ತಾನೇ ಬಿತ್ತು.
ಹೊರಗೆ, ಹಿಮದಲ್ಲಿ, ಊರುಗೋಲಿನ ಲೆಯೊಕಾದಿ
ತಟ್ಟಿದಳೋ ಏನೋ.
ಒಳಗೆ ಆರ್ಗನ್ ಜೋರಾಗಿತ್ತು,
ಅವನದೇ ಸ್ತುತಿ.

ಸಂಜೆ ನಾನೂ ಗಂಟೆಯಾಳು ಝೆಫಿರಿನನೂ
ಅವನನ್ನು ಹೊತ್ತು ತಂದು ಕದಕ್ಕೆ ಆನಿಸಿದೆವು.
ಭಾರ ಅಂದರೆ ಭಾರ!
ಹೊಸ ಮೂಗು ಆ ರಾತ್ರಿಯೇ ಉದುರಿತು.

ಬೆಳಿಗ್ಗೆ ಲೆಯೊಕಾದಿ ಬಂದು
ಅವನ ಬೋಳುತಲೆಯ ಮೇಲೆ
ಒದ್ದೆ ಕೈಗವಸು ಒಣಹಾಕಿದಳು.