ಹಿಂಬದಿ ಖಾಲಿ

ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ, ಹಿಂದೆಯೇ ಮನೆ.
ಓರೆ ಬಿದ್ದದ್ದು, ಮಸಿ ಹಿಡಿದದ್ದು, ಅರ್ಧಕ್ಕೇ ಸಿಕ್ಕಿಕೊಂಡದ್ದು,
ಕೆಟ್ಟ ಪ್ರತಿಗಳೆಲ್ಲ ಕೌಂಟರಿನ ಕೆಳಗೆ, ಲಾಸ್ಯಳ ಪಾಲು.
ಅವಳಿಗೆ ಡ್ರಾಯಿಂಗ್ ಪುಸ್ತಕ ಅಂತ ಕೊಂಡದ್ದೇ ಇಲ್ಲ.

ನಾಳೆ ಅಮಾವಾಸ್ಯೆ, ಮೆಷಿನ್ನಿಗೆ ಪೂಜೆ.
ಅಷ್ಟರೊಳಗೆ ಎರಡು ಅಕ್ಕಿಚೀಲ ಖಾಲಿಯಾಗಬೇಕು.
ದಾದಾಪೀರ್ ತಕ್ಕಡಿ ತರುತ್ತಾನೆ, ಕೆಜಿಗೆ ಹನ್ನೆರಡು ರೂಪಾಯಿ,
ಸೂರ್ಯ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಒಂದೊಂದಾಗಿ ತಿರುವುತ್ತೇನೆ.
ಈ ಕಡೆ ಜೋಗಿಮಟ್ಟಿ ಸಾಲು, ಗುಡ್ಡದ ನೆತ್ತಿಗೆ ಫ್ಯಾನು;
ಆ ಕಡೆ ಯಾರದೋ ಪಹಣಿ, ಎರಡೆಕರೆ ಹನ್ನೊಂದು ಗುಂಟೆ, ಖುಷ್ಕಿ.
ಈ ಕಡೆ ಮೀಸೆಯ ಬೆಕ್ಕು;
ಆ ಕಡೆ ಹೊಳಲ್ಕೆರೆಯ ಹುಡುಗನೊಬ್ಬನ ಅಂಕಪಟ್ಟಿ,
ಗಣಿತದಲ್ಲಿ ಮೂವತ್ತೈದು, ಸರಿಯಾಗಿ ಮೂವತ್ತೈದು.
ಫ್ಯಾನಿಗೆ ಮೂರು ರೆಕ್ಕೆ. ಕೆಲವಕ್ಕೆ ಏಳು.
ಏಳು ಯಾಕೆ ಅಂದಾಗ
"ಅವತ್ತು ಗಾಳಿ ಜಾಸ್ತಿ ಇತ್ತಲ್ಲಪ್ಪಾ" ಅಂದಿದ್ದಳು.

ಆಧಾರ್ ಇದ್ದವನ್ನು ಹರಿದೇ ಹಾಕಬೇಕು. ನನ್ನ ನಿಯಮ.
ಹರಿಯಹೋದರೆ, ಆ ಹನ್ನೆರಡಂಕಿಯ ಬೆನ್ನಿಗೆ ಅಂಟಿಕೊಂಡು
ಅವಳ ಅಜ್ಜಿ ರೊಟ್ಟಿ ತಟ್ಟುತ್ತಿದ್ದಾಳೆ,
ರೊಟ್ಟಿ ಅಜ್ಜಿಗಿಂತ ದೊಡ್ಡದು.
ಕತ್ತರಿ ತಂದೆ. ನಂಬರು ಕತ್ತರಿಸಿದರೆ ಅಜ್ಜಿಯ ಕೈ ಹೋಗುತ್ತದೆ.
ಬಿಟ್ಟೆ. ಕರಿ ಮಾರ್ಕರಿನಲ್ಲಿ ಅಂಕಿಗಳ ಮೇಲೆ ಗೀಚಿದೆ.
ಮಸಿ ಈ ಕಡೆಗೂ ಇಳಿದು ರೊಟ್ಟಿ ಸ್ವಲ್ಪ ಸೀದಿತು.

ಇನ್ನೊಂದು, ನಾನು. ಹೊಟ್ಟೆಯ ಕೆಳಗೊಂದು ನೇರ ಗೆರೆ. ಕಾಲಿಲ್ಲ.
ಅಮ್ಮನಿಗೆ ಕಾಲಿದೆ, ನಾಯಿಗಿದೆ, ಮಂಚಕ್ಕೂ ಇದೆ.
ಬಹಳ ಹೊತ್ತು ನೋಡಿದ ಮೇಲೆ ಗೊತ್ತಾಯಿತು,
ಅದು ಕೌಂಟರು.

"ಟ್ರಂಕಲ್ಲಿ ಧಾರೆ ಸೀರೆ ಪಕ್ಕ ಎರಡು ಬೆರಳು ಜಾಗ ಐತೆ,
ಅಷ್ಟರಾಗೆ ಮುಗಿಸ್ರಿ" ಅಂತ ನಾಗವೇಣಿ ಒಳಗಿನಿಂದ.

ದಿನವಿಡೀ ಜನಕ್ಕೆ ಹೇಳುವವನು ನಾನೇ:
ಒರಿಜಿನಲ್ ಜೋಪಾನ, ನಕಲು ಎಷ್ಟಾದರೂ ಆಗುತ್ತೆ.
ಒಂದನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದೆ.
ಹಳದಿ ನಮ್ಮ ಮೆಷಿನ್ನಿಗೆ ಕಾಣುವುದೇ ಇಲ್ಲ.
ಗುಡ್ಡ ಬಂತು, ಮನೆ ಬಂತು, ಸೂರ್ಯ ಬರಲಿಲ್ಲ.

ಸದ್ದಿಗೆ ಲಾಸ್ಯ ಎದ್ದು ಬಂದಳು.
ಇಡುವ ರಾಶಿಯ ಕಡೆ ನೋಡಲೂ ಇಲ್ಲ,
ರೊಟ್ಟಿಯ ಅಜ್ಜಿಯನ್ನು ತುಳಿದೇ ದಾಟಿ
ರದ್ದಿ ಚೀಲದಿಂದ ಒಂದು ಹಾಳೆ ಎಳೆದಳು.
ಏನೂ ಇಲ್ಲ ಅದರಲ್ಲಿ. ಮೂಲೆಯಲ್ಲೊಂದು ಚುಕ್ಕಿ.
"ಇದನ್ನ ಯಾಕೆ ಹಾಕಿದಿ?"
ಏನೇ ಅದು?
"ಬಸ್ಸು. ದೂರ ಹೋಗ್ಬಿಟ್ಟೈತೆ."

ತಿರುಗಿಸಿದೆ. ವಾಸಸ್ಥಳ ದೃಢೀಕರಣ ಪತ್ರ.
ಮೊಹರು ಅರ್ಧ ಬಿದ್ದಿದೆ, ಹೆಸರು ಬಂದಿಲ್ಲ.

ಅವಳು ಅಲ್ಲೇ ಚೀಲಕ್ಕೊರಗಿ ಮಲಗಿದಳು.
ಗಂಟೆ ಹನ್ನೊಂದೂವರೆ.
ಖಾಲಿ ಅಂತ ಎಸೆದ ಹಾಳೆಗಳನ್ನೆಲ್ಲ
ಮತ್ತೆ ಮೊದಲಿನಿಂದ
ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದೇನೆ.