ಪೀಕದಾನಿ ಒಣಗಿದ್ದ ಸಂಜೆ

ಮೊರಿತಾ ಎಂಬ ಕೊಳ್ಳುಗ ನಮ್ಮ ಕಾಫಿಯ ಮಾದರಿ ನೋಡಿ,
ಮೂರಕ್ಕೆ ತಲೆದೂಗಿ, ಹನ್ನೊಂದಕ್ಕೆ ಮೂಗು ಮುರಿದು,
ಹೋಗುವಾಗ ಮೇಜಿನ ಮೇಲೊಂದು ಬಾಟಲಿ ಇಟ್ಟ.
ಕಂದು ಗಾಜು. ಚೀಟಿಯ ಮೇಲೆ ಕುಂಚದ ನಾಲ್ಕು ಏಟು,
ತಂತಿಯ ಮೇಲೆ ಕಾಗೆ ಕೂತಂತೆ.
ಕೆಳಗೆ ಅವನೇ ಪೆನ್ಸಿಲಿನಲ್ಲಿ ಗೀಚಿದ ಚಿತ್ರ:
ಪಾತ್ರೆ, ಪಾತ್ರೆಯಲ್ಲಿ ನೀರು, ನೀರಲ್ಲಿ ಹೂಜಿ,
ಐವತ್ತು ಎಂಬ ಅಂಕಿ, ಅದಕ್ಕೊಂದು ಸುತ್ತು.

‘ಅಕ್ಕಿದು, ವಾರಿಜಕ್ಕ,’ ಅಂದ ಐವನ್,
‘ಬರೀ ಅಕ್ಕಿ, ನೀರು, ಬೂಷ್ಟು.’

ಕ್ಯೂರಿಂಗ್ ವರ್ಕ್ಸಿನ ರುಚಿಕೋಣೆ. ಸಂಜೆ ಆರೂವರೆ.
ಯಂತ್ರ ನಿಂತಿದೆ, ಹೊಟ್ಟಿನ ಧೂಳು ಇನ್ನೂ ನಿಂತಿಲ್ಲ.
ಇಪ್ಪತ್ತಾರು ವರ್ಷ ಇಲ್ಲಿ
ದಿನಕ್ಕೆ ಎಂಬತ್ತು ಬಟ್ಟಲು ಸೊರ್ರೆಂದು ಎಳೆದು,
ನಾಲಿಗೆಯ ಮೇಲೆ ಅರೆಗಳಿಗೆ ಕೂರಿಸಿ,
ಉಗುಳಿದವಳು ನಾನು.
ಲೆಕ್ಕ ಹಾಕಿದರೆ ಕೆರೆಯೇ ಆದೀತು.
ಬಸವನಹಳ್ಳಿ ಕೆರೆಯಷ್ಟಲ್ಲ, ಎಮ್ಮೆ ಮೀಯುವಷ್ಟು.

ಮೊದಲು ತಣ್ಣಗೆ, ಕಾಫಿ ಚಮಚದಲ್ಲಿ.
ಒದ್ದೆ ಗೋಣಿ. ಸಿಪ್ಪೆ ಕಪ್ಪಾದ ರಸಬಾಳೆ.
ಗಂಜಿ ಇನ್ನೇನು ಹುಳಿಯಾಗುವ ಗಳಿಗೆ.
ಕಾಫಿಯಲ್ಲಿ ಸಿಕ್ಕಿದ್ದರೆ ಇದನ್ನು
‘ಹುದುಗು ಮೀರಿದೆ’ ಎಂದು ಕೆಂಪು ಶಾಯಿಯಲ್ಲಿ ಹೊಡೆಯುತ್ತಿದ್ದೆ,
ಯಾರದೋ ತೋಟದ ಒಂದು ವರ್ಷ ಅಲ್ಲಿಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಮೊರಿತಾ ಕೈಸನ್ನೆಯಲ್ಲಿ ಹೇಳಿದ್ದ:
ಚಳಿರಾತ್ರಿ ಉದ್ದ ಕೋಲು ಹಿಡಿದು ಅನ್ನ ಕುಟ್ಟುತ್ತಾರಂತೆ.
ಹುಳಿಯನ್ನು ಹೊರಗಿನಿಂದ ಸುರಿಯದೆ
ಗೋಡೆಯಲ್ಲಿ, ತೊಲೆಯಲ್ಲಿ ಇರುವ ಹುಳಿ
ತಾನಾಗಿ ಇಳಿದುಬರಲಿ ಎಂದು ಕಾಯುತ್ತಾರಂತೆ.
‘ಹೆಪ್ಪು,’ ಅಂದೆ ನಾನು.
‘ಹೆಪ್ಪು,’ ಅಂದ ಅವನೂ, ಒತ್ತಕ್ಷರ ತಪ್ಪದೆ.

ಆಮೇಲೆ ಬಿಸಿ.
ಐವತ್ತಕ್ಕೆ ಏರಿದ ಮೇಲೆ ಬೇರೆಯೇ ಆಸಾಮಿ!
ತುದಿಗಾಲಲ್ಲಿ ಬಂದಿದ್ದವನು ಬಾಗಿಲಗಲ ನಿಂತ,
ಭುಜದ ಮೇಲೆ ಮೂಟೆ, ಮೂಟೆಯಲ್ಲಿ ಹೊಸ ಅಕ್ಕಿ.
ಈಗ ಇವನಿಗೆ ಊಟಕ್ಕೇನು?

ಬೇಕರಿಯ ಚಿಪ್ಸು: ಉಪ್ಪು ಮಾತ್ರ, ಮಾತಿಲ್ಲ.
ಖಾರಾಬೂಂದಿ: ಜಗಳ.
ಐವನ್ನನ ಹೆಂಡತಿ ಲೀಡಿಯಾ ಕಳಿಸಿದ್ದ ಹಂದಿ ಬಾಫತ್
ಗೆಲ್ಲುತ್ತದೆ ಅಂದುಕೊಂಡಿದ್ದೆವು.
ವಿನಿಗರಿನ ಹುಳಿ, ಇದರ ಹುಳಿ
ಕೆಎಸ್ಸಾರ್ಟಿಸಿಯ ಒಂದೇ ಸೀಟಿಗೆ ಟವೆಲು ಹಾಕಿದವು.
ಕೊಬ್ಬಿನ ತುಂಡೊಂದು ಮಾತ್ರ ಎದ್ದು ಜಾಗ ಕೊಟ್ಟಿತು.

ಏಳೂವರೆಗೆ ರಾತ್ರಿಪಾಳಿಯ ಮಂಚೇಗೌಡ,
ಜಾವಗಲ್ ಕಡೆಯವನು, ಟಾರ್ಚು, ಕ್ಯಾರಿಯರ್.
ಮುದ್ದೆಯ ಕೆಳಗಿನ ಡಬ್ಬಿ ತೆಗೆದ:
ಹುರುಳಿಕಟ್ಟು. ಶುಕ್ರವಾರದ್ದು. ಇವತ್ತು ಸೋಮವಾರ.
‘ದಿನಾ ಒಂದ್ ಕುದಿ ಕುದುಸ್ತಾಳೆ ನಮ್ಮವ್ಳು.
ಮೂರ್ನೇ ದಿನುಕ್ಕೆ ಅದುಕ್ಕೆ ಬುದ್ಧಿ ಬತ್ತದೆ.’

ಬೆರಳಲ್ಲಿ ಅದ್ದಿ ನೆಕ್ಕಿದೆ.
ಕಪ್ಪು, ಗಟ್ಟಿ, ಸುಟ್ಟ ಬೆಳ್ಳುಳ್ಳಿ, ಮಣ್ಣಿನ ಒಗರು.
ಮೇಲೊಂದು ಗುಟುಕು ಬಿಸಿ.

ಏನು ಹೇಳಲಿ.
ಹುರುಳಿ ಒಗರು ಬಿಟ್ಟುಕೊಟ್ಟಿತು, ಅಕ್ಕಿ ಹುಳಿ ಬಿಟ್ಟುಕೊಟ್ಟಿತು,
ಇಬ್ಬರೂ ಬಿಟ್ಟದ್ದು ನಡುವೆ ಎಲ್ಲೋ ಸಿಹಿಯಾಗಿ ಕೂತಿತ್ತು.
ಐವನ್ ಕಣ್ಣು ಮುಚ್ಚಿದ್ದ.
ಗೌಡ ಕುಡಿಯಲಿಲ್ಲ, ‘ಡ್ಯೂಟಿ ಮೇಲಿವ್ನಿ’,
ಬಟ್ಟಲನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತ:
‘ಕಣುದ್ ಹುಲ್ಲು. ಇಬ್ನಿ ಬಿದ್ದುದ್ದು.’

ನಮೂನೆಯ ಹಾಳೆಯಲ್ಲಿ ಅದನ್ನೇ ಬರೆದೆ.
ಅಂಕದ ಖಾನೆ ಖಾಲಿ ಬಿಟ್ಟೆ.

ಬೆಳಿಗ್ಗೆ ಗುಡಿಸಲು ಬಂದ ದ್ಯಾವಮ್ಮ ಪೀಕದಾನಿ ಬಗ್ಗಿಸಿ
‘ನಿನ್ನೆ ಸಂಜೆ ಕೆಲ್ಸಿರ್ಲಿಲ್ವಾ?’ ಅಂದಳು.
ಎಂಟಕ್ಕೆ ಮೊದಲ ಬಟ್ಟಲು. ಹುದುಗು ಮೀರಿದ ವಾಸನೆ.
ಶಾಯಿಗೆ ಹೋದ ಕೈ ತಡೆದು ಮತ್ತೊಮ್ಮೆ ಎಳೆದೆ.
ಕೆಟ್ಟದ್ದೇ. ಹೊಡೆದೆ.
ಉಗುಳುವ ಮೊದಲು ಮಾತ್ರ
ಇನ್ನೊಂದು ಗಳಿಗೆ ಕೂರಿಸಿಕೊಂಡಿದ್ದೆ.