ಬಿಡುಗಡೆ

ಇಪ್ಪತ್ತು ಕುರ್ಚಿ ಹಾಕಿದ್ದರು, ಬಂದವರು ಒಂಬತ್ತು.
ಅದರಲ್ಲೊಬ್ಬ ಹೀಟರಿನ ಪಕ್ಕ ನಿದ್ದೆಗೆಂದು ಬಂದವನು,
ಇನ್ನೊಬ್ಬರು ನನ್ನ ಹಲ್ಲಿನ ಡಾಕ್ಟರು.
ಅಕ್ಟೋಬರಿನ ಡುಲೂತ್. ಲೈಬ್ರರಿಯ ಕಿಟಕಿಯಾಚೆ
ಸರೋವರ ಎಂದೇ ಕರೆಯಬೇಕಾದ ಆ ಕಡಲು
ಬೂದು ಕಂಬಳಿ ಹೊದ್ದು ಮಗ್ಗುಲು ಬದಲಿಸುತ್ತಿತ್ತು.

ಹಿಂದಿನ ರಟ್ಟಿನ ಮೇಲೆ ನಾನು: ಕಪ್ಪು ಕೋಟು,
ನಾಲ್ಕು ಕೊಲೆ ಕಂಡವಳ ಮುಖ.
ಬೆಳಿಗ್ಗೆ ಬಚ್ಚಲಿನ ಜೇಡವನ್ನು
ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟವಳೂ ನಾನೇ.

ಹದಿನಾಲ್ಕು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ ಈ ಗುಟ್ಟು.
ಗಂಡನಿಗೂ ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ,
ಅದು ಬೇರೆ ಮಾತು.
ನನ್ನ ಕಸುಬೇ ಇದು: ಗೊತ್ತಿದ್ದೂ ಹೇಳದಿರುವುದು.
ಮುನ್ನೂರ ಹನ್ನೆರಡು ಪುಟ ಸತ್ತವನೊಬ್ಬನನ್ನು
ಮಂಜುಗಡ್ಡೆಯಲ್ಲಿಟ್ಟ ಮೀನಿನಂತೆ ಕೆಡದೆ ಕಾಯುವುದು,
ಅನುಮಾನವನ್ನು ಮನೆಯಿಂದ ಮನೆಗೆ
ಹೆಪ್ಪಿನ ಮಜ್ಜಿಗೆಯ ಹಾಗೆ ಕಡ ಕೊಡುವುದು.

ನೂರಾ ನಲವತ್ತನೇ ಪುಟದಲ್ಲಿ ಒಮ್ಮೆ, ತಡೆಯಲಾರದೆ,
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನನ್ನು
ಇಂಗ್ಲಿಷಿಗೆ ಕರೆದುಕೊಂಡು ಬಂದಿದ್ದೆ.
ನ್ಯೂಯಾರ್ಕಿನ ಸಂಪಾದಕಿ ಅಂಚಿನಲ್ಲಿ ಗೀಚಿದಳು:
'ಹೆಗಲು ಯಾಕೆ? ಕುಂಬಳಕಾಯಿ ಎಲ್ಲಿಂದ ಬಂತು?'
ಕಳ್ಳ ಹೋದ, ಕಾಯಿ ಹೋಯಿತು,
ಹೆಗಲ ಮೇಲಿನ ಬೂದಿಯೂ ಹೋಯಿತು.

ಮೊದಲ ಅಧ್ಯಾಯ ಓದಿದೆ. ನೀರು ಕುಡಿದೆ.
ಸೇತುವೆಯ ಕೆಳಗೆ ಟಗ್ ದೋಣಿಯ ಯಜಮಾನನ ಹೆಣ ತೇಲಿಸಿ
ಪುಸ್ತಕ ಮುಚ್ಚಿದೆ. ಅಲ್ಲೇ ಮುಚ್ಚಬೇಕು.

ಆಗ ಮುಂದಿನ ಸಾಲಿನ ಐಲಿ ಕಂಗಾಸ್,
ತೊಂಬತ್ತೊಂದು ವಯಸ್ಸು, ಎರಡೂ ಕಣ್ಣಲ್ಲಿ ಹೊಗೆ,
ಕೋಲೂರಿ ಬಂದು ಕೇಳಿದಳು:
'ಯಾರು ಕೊಂದದ್ದು? ಈಗಲೇ ಹೇಳು, ಎಲ್ಲಾ ಹೇಳು.
ನನಗೆ ಓದಿ ಹೇಳುವ ಹುಡುಗಿ ವಾರಕ್ಕೆ ಹತ್ತು ಪುಟ.
ಲೆಕ್ಕ ಹಾಕಿದ್ದೇನೆ, ಸಾಲುವುದಿಲ್ಲ.'

ಹನ್ನೊಂದು ಪುಸ್ತಕ ಬಾಯಿ ಬಿಡದವಳು
ಅವಳ ಪಕ್ಕ ಮಂಡಿಯೂರಿ, ಇಡೀ ಕಥೆ ಕಿವಿಗೆ ಸುರಿದೆ:
ಸಾಲ, ಕಳೆದ ಕೈಗವಸು, ನೆರೆಯವಳು ತಂದ ಪೈ,
ಕೊನೆಗೆ ಕೊಲೆಗಾರ: ಸೇತುವೆ ಎತ್ತುವವನು.

ಐಲಿ ತಲೆಯಾಡಿಸಿದಳು. 'ಅವನಲ್ಲ.'
'ನಾನೇ ಬರೆದದ್ದು...'
'ಬರೆದಿರಬಹುದು. ಅವನಲ್ಲ.
ನನ್ನ ಟಾಯ್ವೊ ಇಪ್ಪತ್ತೇಳು ವರ್ಷ ಆ ಗೂಡಿನಲ್ಲಿದ್ದ.
ಅದಿರಿನ ಹಡಗು ಕೂಗಿತೆಂದರೆ ಉಚ್ಚೆಗೂ ಏಳುವಂತಿಲ್ಲ,
ಕೊಲೆಗೆ ಪುರುಸೊತ್ತೆಲ್ಲಿ?
ಆ ಪೈ ತಂದವಳನ್ನು ವಿಚಾರಿಸು.
ಸುದ್ದಿ ಬರುವ ಮೊದಲೇ ಒಲೆ ಹಚ್ಚಿದವಳು.'

ಆರು ಪುಸ್ತಕಕ್ಕೆ ಸಹಿ ಹಾಕಿದೆ, ಡಾಕ್ಟರು ಎರಡು ಕೊಂಡರು.
ಉಳಿದ ಡಬ್ಬ ಕಾರಿನ ಡಿಕ್ಕಿಗೆ.

ರಾತ್ರಿ, ಗುಡ್ಡದ ಮೇಲಿನ ನಮ್ಮ ಅಡುಗೆಮನೆಯಲ್ಲಿ
ಕೋಟು ಕೂಡ ಬಿಚ್ಚದೆ ಏಳನೇ ಅಧ್ಯಾಯ ತೆಗೆದೆ.
ಹೆಣ ಸಿಕ್ಕಿದ್ದು ಆರೂವರೆಗೆ.
ಏಳಕ್ಕೆ ಬಾಗಿಲಲ್ಲಿ ನೆರೆಯ ಹೆಂಗಸು,
ಕೈಯಲ್ಲಿ ಸೇಬಿನ ಪೈ, ಬಟ್ಟೆಯೊಳಗಿಂದ ಹಬೆ.
ಚಂದ ಕಾಣುತ್ತದೆಂದು ಹಾಕಿದ ಹಬೆ.
ಹಿಟ್ಟು ನಾದಬೇಕು, ಸೇಬು ಹೆಚ್ಚಬೇಕು, ಬೇಯಬೇಕು...
ಬೆರಳು ಮಡಿಸಿ ಎಣಿಸಿದೆ: ಎರಡು ಗಂಟೆಯಾದರೂ ಬೇಕು.
ನಾನೋ, ಅವಳಿಗೆ ಥ್ಯಾಂಕ್ಸ್ ಹೇಳಿಸಿ
ಮನೆಗೆ ಕಳಿಸಿಬಿಟ್ಟಿದ್ದೆ.

ಗೊತ್ತಿಲ್ಲದೆ ಕೈ ಹೆಗಲಿಗೆ ಹೋಯಿತು.

ಕೆಳಗೆ ಹಡಗು ಕೂಗಿತು, ಸೇತುವೆ ಮರುಕೂಗಿತು,
ರಸ್ತೆಯ ತುಂಡೊಂದು ದೀಪಗಳ ಸಮೇತ ಮೇಲೆದ್ದಿತು.
ಗೂಡಿನಲ್ಲಿ ಬೆಳಕು. ಯಾರೋ ಇರಬೇಕು,
ಜಾಗ ಬಿಟ್ಟು ಏಳಲಾರದೆ.
ಆರು ಸಾವಿರ ಪ್ರತಿ ಅಂಗಡಿ ಸೇರಿವೆ,
ಪ್ರತಿಯೊಂದರ ಕೊನೆಗೂ ಅಂಥವನೇ ಒಬ್ಬ
ಕೋಳ ತೊಟ್ಟು ಹಿಮದಲ್ಲಿ ನಡೆಯುತ್ತಾನೆ.

ಪುಸ್ತಕಕ್ಕೆ ಇವತ್ತು ಬಿಡುಗಡೆಯಾಯಿತು.
ಅವನಿಗೆ ಯಾವತ್ತು ಅಂತ ಕೇಳಬೇಕು,
ನಾಳೆ, ನ್ಯೂಯಾರ್ಕಿನಲ್ಲಿ ಆಫೀಸು ತೆರೆದ ಮೇಲೆ.